ಉಬ್ಬರದ ವೇಳೆಗೆ ಹೊರಡುವ ದೋಣಿ

ಸ್ಕೂಬಾ ಡೈವಿಂಗ್ ಕಲಿತು ಪ್ರಮಾಣಪತ್ರ ಪಡೆದವರು ರಜೆಗೆಂದು ಮಾಲ್ಡೀವ್ಸ್‌ಗೆ ಹೋದಾಗ ಕಡಲಿಗಿಳಿಯಲು ಅವರಿಗೆ ಎರಡು ದಾರಿಗಳಿರುತ್ತವೆ. ಡೈವಿಂಗ್ ಕೇಂದ್ರವು ದಿನವೂ ಗೊತ್ತಾದ ಹೊತ್ತಿಗೆ ಹೊರಡಿಸುವ, ಒಬ್ಬರಿಗೊಬ್ಬರು ಪರಿಚಯವಿಲ್ಲದ ಹತ್ತು ಹದಿನೈದು ಮಂದಿ ಏರುವ ದೋಣಿಯಲ್ಲಿ ಒಂದು ಜಾಗ ಪಡೆಯುವುದು ಮೊದಲನೆಯದು. ನಾಲ್ಕಾರು ಮಂದಿ ಕೂಡಿ, ಚಾಲಕ ಮತ್ತು ಮಾರ್ಗದರ್ಶಕರ ಸಮೇತ ಇಡೀ ದೋಣಿಯನ್ನೇ ಬಾಡಿಗೆಗೆ ಹಿಡಿಯುವುದು ಎರಡನೆಯದು. ಈ ಎರಡನೆಯದನ್ನು ಉಳ್ಳವರ ಶೋಕಿಯೆಂದೇ ಬಹುಮಂದಿ ಎಣಿಸಿದ್ದಾರೆ, ಅದನ್ನು ಮಾರುವ ಜಾಹೀರಾತುಗಳೂ ಮೆತ್ತನೆಯ ಆಸನ, ತಣ್ಣನೆಯ ಪಾನೀಯ, ನಿರ್ಜನ ಮರಳದಿಣ್ಣೆಯ ಮೇಲಿನ ಊಟಗಳನ್ನೇ ಮುಂದುಮಾಡಿ ಆ ಎಣಿಕೆಯನ್ನು ಗಟ್ಟಿಮಾಡಿವೆ. ಆದರೆ ಮಾಲ್ಡೀವ್ಸ್‌ನ ನೀರನ್ನು ಬಲ್ಲ ಡೈವರ್‌ಗಳು ಖಾಸಗಿ ದೋಣಿಗೆ ಹಣ ತೆರುವುದು ಕಡಲು ಒಪ್ಪುವ ಹೊತ್ತಿಗೆ ಹೊರಡುವ, ಒಪ್ಪದ ಹೊತ್ತಿಗೆ ಹೊರಡದೆ ಉಳಿಯುವ ಸ್ವಾತಂತ್ರ್ಯಕ್ಕಾಗಿ.

ಆ ಸ್ವಾತಂತ್ರ್ಯಕ್ಕೆ ಅಷ್ಟು ಬೆಲೆ ಏಕೆಂಬುದು ಆ ದೇಶದ ರಚನೆಯಿಂದಲೇ ತಿಳಿಯುತ್ತದೆ. ಮಾಲ್ಡೀವ್ಸ್‌ನ ಸುಮಾರು 1,190 ದ್ವೀಪಗಳು ಉತ್ತರ ದಕ್ಷಿಣವಾಗಿ 800 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿರುವ 26 ಅಟಾಲ್‌ಗಳಲ್ಲಿ ಹಂಚಿಹೋಗಿವೆ. ಅಟಾಲ್ ಎಂದರೆ ಹವಳದ ದಿಬ್ಬಗಳು ಉಂಗುರದಂತೆ ಸುತ್ತುವರಿದಿರುವ ಕಡಲಿನ ಒಂದು ಪಾತಳಿ. ಉಂಗುರದ ಒಳಗೆ ಕೆಲವು ಹತ್ತು ಮೀಟರ್‌ಗಳಷ್ಟೇ ಆಳದ ಶಾಂತವಾದ ನೀರು, ಹೊರಗೆ ನೂರಾರು ಮೀಟರ್ ಆಳಕ್ಕೆ ಇಳಿದುಹೋಗುವ ತೆರೆದ ಸಾಗರ. ಈ ಉಂಗುರ ಅಲ್ಲಲ್ಲಿ ಕಡಿದಿದ್ದು, ಕಡಿದಲ್ಲಿ ಉಂಟಾದ ಕಾಲುವೆಗಳಿಗೆ ಸ್ಥಳೀಯ ದಿವೆಹಿ ಭಾಷೆಯಲ್ಲಿ 'ಕಂಡು' ಎನ್ನುತ್ತಾರೆ. ಅಟಾಲಿನ ಒಳಗೂ ಹೊರಗೂ ಚಲಿಸುವ ನೀರಿನ ಬಹುಪಾಲು ಈ ಇಕ್ಕಟ್ಟಾದ ಕಾಲುವೆಗಳ ಮೂಲಕವೇ ಹಾಯಬೇಕಾಗಿರುವುದರಿಂದ ಅಲ್ಲಿನ ಸೆಳೆತ ಬಲವಾಗಿರುತ್ತದೆ, ಮತ್ತು ಆ ಸೆಳೆತ ಹೊತ್ತು ತರುವ ಆಹಾರಕ್ಕಾಗಿ ಮೀನುಗಳೂ, ಮೀನುಗಳಿಗಾಗಿ ಶಾರ್ಕ್‌ಗಳೂ ಅಲ್ಲೇ ನೆರೆಯುತ್ತವೆ. ಮಾಲ್ಡೀವ್ಸ್‌ನ ಡೈವಿಂಗ್ ಎಂದು ಜಗತ್ತು ಹೊಗಳುವುದರ ತಿರುಳು ಇರುವುದು ಈ ಕಾಲುವೆಗಳ ಬಾಯಲ್ಲಿ.

ಸೆಳೆತದ ದಿಕ್ಕನ್ನು ತಿಂಗಳುಗಟ್ಟಲೆ ನಿರ್ಧರಿಸುವುದು ಮಾರುತ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಬೀಸುವ ಈಶಾನ್ಯ ಮಾರುತದ ಕಾಲಕ್ಕೆ ಅಲ್ಲಿ 'ಇರುವೈ' ಎಂದೂ, ಉಳಿದ ತಿಂಗಳುಗಳ ನೈಋತ್ಯ ಮಾರುತದ ಕಾಲಕ್ಕೆ 'ಹುಳಂಗು' ಎಂದೂ ಹೆಸರು. ಇರುವೈ ಕಾಲದಲ್ಲಿ ಸಾಗರದ ನೀರು ಪೂರ್ವದ ಕಾಲುವೆಗಳಿಂದ ಒಳಹೊಕ್ಕು ಪಶ್ಚಿಮದ ಕಾಲುವೆಗಳಿಂದ ಹೊರಬೀಳುವುದರಿಂದ ಪೂರ್ವದ ಅಂಚಿನಲ್ಲಿ ನೀರು ತಿಳಿಯಾಗಿರುತ್ತದೆ; ಅಟಾಲಿನ ಒಳಗಿನ ಸೂಕ್ಷ್ಮಜೀವಿಗಳನ್ನು ಹೊತ್ತು ಹೊರಬರುವ ಪಶ್ಚಿಮದ ನೀರು ಕದಡಿರುತ್ತದೆ, ಆದರೆ ಆ ಸೂಕ್ಷ್ಮಜೀವಿಗಳನ್ನೇ ಸೋಸಿ ತಿನ್ನುವ ಮಾಂಟಾ ಎಂಬ ದೈತ್ಯ ತೊರಕೆಗಳು ಅಲ್ಲಿ ಕಾಣಸಿಗುತ್ತವೆ. ಹುಳಂಗು ಬಂದೊಡನೆ ಇದೆಲ್ಲ ತಿರುವುಮುರುವಾಗುತ್ತದೆ. ಅಲ್ಲಿನ ಸಾಂಪ್ರದಾಯಿಕ ಪಂಚಾಂಗವು ವರ್ಷವನ್ನು ಹದಿಮೂರು ಹದಿನಾಲ್ಕು ದಿನಗಳ 27 'ನಕೈ'ಗಳಾಗಿ ವಿಂಗಡಿಸಿ ಗಾಳಿ, ಮಳೆ, ಮೀನಿನ ಲಕ್ಷಣಗಳನ್ನು ಒಂದೊಂದಕ್ಕೂ ಹೇಳುತ್ತದೆ. ಜೂನ್ ಮಧ್ಯದಿಂದ ಒಂದರ ಹಿಂದೊಂದು ಬರುವ ಅದ, ಫುನೋಸ್, ಫುಸ್ ಎಂಬ ನಕೈಗಳು ಕರ್ನಾಟಕದ ರೈತರು ಇಂದಿಗೂ ಲೆಕ್ಕ ಹಾಕುವ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳೇ ಆಗಿದ್ದು, ದಿನಾಂಕಗಳೂ ಕೆಲವೇ ದಿನಗಳ ಹೆಚ್ಚುಕಡಿಮೆಯಲ್ಲಿ ಹೊಂದಿಕೊಳ್ಳುತ್ತವೆ.

ಮಾರುತ ತಿಂಗಳುಗಳ ಒಡೆಯನಾದರೆ ಉಬ್ಬರವಿಳಿತ ಗಂಟೆಗಳ ಒಡೆಯ. ಉಬ್ಬರ ಏರುವಾಗ ಸಾಗರದ ತಿಳಿನೀರು ಕಾಲುವೆಯೊಳಕ್ಕೆ ನುಗ್ಗುತ್ತದೆ. ಬೂದುಬಣ್ಣದ ರೀಫ್ ಶಾರ್ಕ್‌ಗಳು, ಮೈಮೇಲೆ ಬಿಳಿ ಚುಕ್ಕೆಗಳುಳ್ಳ ಹದ್ದು ತೊರಕೆಗಳು, ಟ್ಯೂನಾ ಮೀನುಗಳು ಆ ಪ್ರವಾಹಕ್ಕೆ ಮುಖವೊಡ್ಡಿ ಕಾಲುವೆಯ ಹೊರಬಾಯಲ್ಲಿ ನಿಲ್ಲುತ್ತವೆ. ಇಳಿತದಲ್ಲಿ ಅದೇ ಕಾಲುವೆ ಕದಡಿದ ನೀರನ್ನು ಹೊರಕ್ಕೆ ದೂಡುತ್ತದೆ, ಅದರೊಳಗೆ ಸಿಕ್ಕ ಡೈವರ್‌ನನ್ನು ತೆರೆದ ಸಾಗರಕ್ಕೆ ಒಯ್ಯುತ್ತದೆ, ಕೆಲವೊಮ್ಮೆ ಅಂಚಿನಲ್ಲಿ ಕೆಳಮುಖವಾಗಿಯೂ ಎಳೆಯುತ್ತದೆ. ಹೀಗಾಗಿ ಒಂದು ಕಾಲುವೆಯಲ್ಲಿ ನಿರ್ಭಯವಾಗಿ ಇಳಿಯಬಹುದಾದ, ಇಳಿದದ್ದಕ್ಕೆ ಸಾರ್ಥಕವೆನಿಸುವ ಅವಧಿ ದಿನದಲ್ಲಿ ಕೆಲವೇ ಗಂಟೆಗಳದ್ದು, ಮತ್ತು ಆ ಅವಧಿ ದಿನದಿಂದ ದಿನಕ್ಕೆ ಸುಮಾರು 50 ನಿಮಿಷಗಳಷ್ಟು ಮುಂದಕ್ಕೆ ಸರಿಯುತ್ತ ಹೋಗುತ್ತದೆ. ಗೊತ್ತಾದ ಹೊತ್ತಿನ ದೋಣಿಯಾದರೋ ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟಗಳಿಗೆ ಹೊಂದಿಸಿದ ವೇಳಾಪಟ್ಟಿಯಂತೆ ನಡೆಯುತ್ತದೆ. ವೇಳೆ ಕೂಡಿಬರದ ದಿನ ಅದರ ಮಾರ್ಗದರ್ಶಕರು ಕಾಲುವೆಯನ್ನು ಬಿಟ್ಟು ಸೌಮ್ಯವಾದ ಒಳದಿಬ್ಬವೊಂದಕ್ಕೆ ಎಲ್ಲರನ್ನೂ ಕರೆದೊಯ್ಯುತ್ತಾರೆ. ಅದು ವಿವೇಕದ ನಡೆಯೇ, ಆದರೆ ಕಾಲುವೆ ನೋಡಲೆಂದು ಬಂದವನ ರಜೆಯ ಒಂದು ದಿನ ಅಲ್ಲಿಗೆ ಕಳೆದಂತಾಗುತ್ತದೆ. ಖಾಸಗಿ ದೋಣಿಯ ಚಾಲಕ ಹಿಂದಿನ ಸಂಜೆಯೇ ಉಬ್ಬರದ ಪಟ್ಟಿ ನೋಡಿ ಬೆಳಗಿನ ಆರಕ್ಕೋ ಹನ್ನೊಂದೂವರೆಗೋ ಹೊರಡಬಲ್ಲ.

ಪೂರ್ವದಂಚಿನ ವಾವು ಅಟಾಲಿನಲ್ಲಿರುವ ಫೊತ್ತೆಯೊ ಕಂಡು, ಮಿಯರು ಕಂಡುಗಳಂತಹ ತಾಣಗಳಲ್ಲಿ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ದೋಣಿ ಕಾಲುವೆಯ ಹೊರಗೆ, ಸಾಗರದ ಕಡೆ ನಿಲ್ಲುತ್ತದೆ. ಮಾರ್ಗದರ್ಶಕ ಮೊದಲು ತಾನೊಬ್ಬನೇ ನೀರಿಗಿಳಿದು ಸೆಳೆತದ ದಿಕ್ಕನ್ನೂ ಬಲವನ್ನೂ ನೋಡಿ ಬರುತ್ತಾನೆ. ಅವನು ಕೈಸನ್ನೆ ಮಾಡಿದ ಮೇಲೆ ಡೈವರ್‌ಗಳು ತೇಲಲು ನೆರವಾಗುವ ಜಾಕೆಟ್‌ನ ಗಾಳಿಯನ್ನೆಲ್ಲ ಮೊದಲೇ ಹೊರಬಿಟ್ಟು, ಹಾರಿದೊಡನೆ ಮೇಲೆ ನಿಲ್ಲದೆ ನೇರ ಕೆಳಕ್ಕಿಳಿಯಬೇಕು, ಏಕೆಂದರೆ ಅರ್ಧ ನಿಮಿಷ ತಡವಾದರೂ ಪ್ರವಾಹ ಅವರನ್ನು ಕಾಲುವೆಯ ಬಾಯಿ ದಾಟಿಸಿ ಒಳಕ್ಕೆ ಕೊಂಡೊಯ್ದಿರುತ್ತದೆ. ನೀಲಿಯೊಳಗೆ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ಆಮೇಲೆ ಕಾಲುವೆಯ ತಳ ಸಾಗರದ ಆಳಕ್ಕೆ ಮುರಿದುಬೀಳುವ ಅಂಚು ಕಾಣಿಸುತ್ತದೆ. ಅಲ್ಲಿನ ಬರಿಯ ಕಲ್ಲಿಗೆ, ಜೀವಂತ ಹವಳಕ್ಕೆ ತಾಗದಂತೆ, ದಾರ ಕಟ್ಟಿದ ಮೊಂಡು ಕೊಕ್ಕೆಯನ್ನು ಸಿಕ್ಕಿಸಿ, ಜಾಕೆಟ್‌ಗೆ ತುಸು ಗಾಳಿ ತುಂಬಿದರೆ ಡೈವರ್ ಹರಿವಿನಲ್ಲಿ ಗಾಳಿಪಟದಂತೆ ತೇಲಿ ನಿಲ್ಲುತ್ತಾನೆ. ಎದುರಿಗೆ, ಕೆಲವೇ ಮೀಟರ್ ಅಂತರದಲ್ಲಿ, ಬೂದು ಶಾರ್ಕ್‌ಗಳು ಅದೇ ಹರಿವಿನಲ್ಲಿ ಬಾಲವನ್ನು ಅಪರೂಪಕ್ಕೊಮ್ಮೆ ಅಲುಗಿಸುತ್ತ ಸಾಲಾಗಿ ನಿಂತಿರುತ್ತವೆ. ಪಕ್ಕದ ಗೋಡೆಯ ಚಾಚುಗಳ ಅಡಿಯಲ್ಲಿ ಹಳದಿ ಮೃದುಹವಳಗಳು ಮೇಲಿನಿಂದ ಕೆಳಕ್ಕೆ ಇಳಿಬಿದ್ದಿರುತ್ತವೆ. ಮನುಷ್ಯ ಯಾವ ಆಮಿಷವನ್ನೂ ಒಡ್ಡದೆ, ತನ್ನ ಪಾಡಿಗೆ ನಿಂತು ನೋಡಬಹುದಾದ ಇಂತಹ ನೋಟ ಹಿಂದೂ ಮಹಾಸಾಗರದಲ್ಲಿ ಹೆಚ್ಚು ಕಡೆ ಉಳಿದಿಲ್ಲ. 2010ರಲ್ಲಿ ಮಾಲ್ಡೀವ್ಸ್ ಶಾರ್ಕ್ ಬೇಟೆಯನ್ನು ನಿಷೇಧಿಸಿದ್ದರ ಫಲವನ್ನು ಈ ಅಂಚಿನಲ್ಲಿ ನಿಂತೇ ಕಾಣಬೇಕು.

ಖಾಸಗಿ ದೋಣಿಯ ಇನ್ನೊಂದು ಲಾಭ ಜೊತೆಗಾರರಿಗೆ ಸಂಬಂಧಿಸಿದ್ದು, ಅದನ್ನು ಲೆಕ್ಕದಲ್ಲೇ ತೋರಿಸಬಹುದು. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತ ಹೋಗುವುದರಿಂದ, 20 ಮೀಟರ್ ಆಳದಲ್ಲಿ ಉಸಿರಿಗೆ ಮೇಲಿನ ಮೂರರಷ್ಟು ಗಾಳಿ ಬೇಕಾಗುತ್ತದೆ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್‌ನಲ್ಲಿ 11 ಲೀಟರ್ ಜಾಗವಿದ್ದು, 200 ಬಾರ್ ಒತ್ತಡದಲ್ಲಿ ತುಂಬಿದಾಗ ಸುಮಾರು 2,200 ಲೀಟರ್ ಗಾಳಿ ಹಿಡಿಸುತ್ತದೆ. ಅದರಲ್ಲಿ 50 ಬಾರ್‌ನಷ್ಟನ್ನು ಆಪತ್ತಿಗೆಂದು ಉಳಿಸಿಕೊಳ್ಳುವುದು ರೂಢಿಯಾದ್ದರಿಂದ ಬಳಕೆಗೆ ಸಿಗುವುದು 1,650 ಲೀಟರ್. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವ ಹೊಸಬ 20 ಮೀಟರ್ ಆಳದಲ್ಲಿ 60 ಲೀಟರ್ ಬಳಸಿ 27 ನಿಮಿಷಗಳಲ್ಲಿ ಅದನ್ನು ಮುಗಿಸಿದರೆ, ನಿಧಾನವಾಗಿ 14 ಲೀಟರ್ ಉಸಿರಾಡುವ ಪಳಗಿದವನು 39 ನಿಮಿಷ ನಿಲ್ಲಬಲ್ಲ. ಗುಂಪಿನ ಮುಳುಗು ಬಹುಮಟ್ಟಿಗೆ ಎಲ್ಲರಿಗಿಂತ ಬೇಗ ಗಾಳಿ ಮುಗಿಸಿದವನೊಂದಿಗೇ ಮುಗಿಯುತ್ತದೆ. ಅಪರಿಚಿತರ ದೋಣಿಯಲ್ಲಿ ಇದು ಪಳಗಿದವನಿಗೆ ನಷ್ಟ, ಹೊಸಬನಿಗೆ ಸಂಕೋಚ. ಆ ಸಂಕೋಚದಲ್ಲಿ ಗಾಳಿ ತಗ್ಗಿದ್ದನ್ನು ಹೇಳದೆ ತಡಮಾಡುವುದು ಅಪಾಯಕ್ಕೂ ದಾರಿ. ಸಮಬಲರಾದ ನಾಲ್ವರು ತಮ್ಮದೇ ದೋಣಿ ಹಿಡಿದಾಗ ಈ ತೊಡಕು ಬಹುಪಾಲು ತಪ್ಪುತ್ತದೆ. ಆಮ್ಲಜನಕದ ಪ್ರಮಾಣವನ್ನು ಶೇಕಡಾ 32ಕ್ಕೆ ಏರಿಸಿದ ನೈಟ್ರಾಕ್ಸ್ ಎಂಬ ಮಿಶ್ರಣವನ್ನು ಎಲ್ಲರೂ ಬಳಸುವಂತಾದರೆ ರಕ್ತಕ್ಕೆ ಸೇರುವ ಸಾರಜನಕ ಕಡಿಮೆಯಾಗಿ, ಆಳದಲ್ಲಿ ಉಳಿಯಬಹುದಾದ ಸುರಕ್ಷಿತ ಅವಧಿ ಇನ್ನೂ ಹಿಗ್ಗುತ್ತದೆ. ಆದರೆ ಅದಕ್ಕೆ ಬೇರೆಯದೇ ತರಬೇತಿ ಬೇಕು, ಮತ್ತು ಸಿಲಿಂಡರ್‌ನಲ್ಲಿರುವ ಗಾಳಿಯ ಪ್ರಮಾಣವೇನೂ ಅದರಿಂದ ಹೆಚ್ಚುವುದಿಲ್ಲ.

ಪ್ರಮಾಣಪತ್ರವೆಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. 1966ರಲ್ಲಿ ಅಮೆರಿಕದಲ್ಲಿ ಆರಂಭವಾದ ಪ್ಯಾಡಿಯಂತಹ ಸಂಸ್ಥೆಗಳ ಮೊದಲ ಹಂತವಾದ ಓಪನ್ ವಾಟರ್ ಪತ್ರ 18 ಮೀಟರ್‌ವರೆಗೂ, ಮುಂದಿನ ಅಡ್ವಾನ್ಸ್ಡ್ ಪತ್ರ 30 ಮೀಟರ್‌ವರೆಗೂ ಇಳಿಯುವ ಅರ್ಹತೆಯನ್ನು ಕೊಡುತ್ತದೆ. ಮಾಲ್ಡೀವ್ಸ್‌ನ ನಿಯಮವೂ ವಿಹಾರದ ಡೈವಿಂಗ್‌ಗೆ 30 ಮೀಟರ್‌ನ ಮಿತಿಯನ್ನೇ ಹಾಕಿದೆ. ಆದರೆ ಪತ್ರದಲ್ಲಿ ಬರೆದಿರುವುದು ಆಳವೇ ಹೊರತು ಸೆಳೆತವಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯಲ್ಲಿ ಮೊದಲ ಮುಳುಗುಗಳನ್ನು ಮಾಡಿ, ನೀರಿನೊಡನೆ ಚೆನ್ನಾದ ಸ್ನೇಹ ಬೆಳೆಸಿಕೊಂಡ ಕನ್ನಡಿಗ ಡೈವರ್‌ಗಳು ಹಲವರಿದ್ದಾರೆ. ಅವರು ಆ ಸ್ನೇಹದ ಬಲದಿಂದಲೇ ನೇರವಾಗಿ ಕಾಲುವೆಯ ಬಾಯಿಗೆ ಹಾರುವುದು ಸಲ್ಲದು. ದೋಣಿ ತಮ್ಮದಾದ ಮೇಲೆ ಮೊದಲ ಎರಡು ದಿನಗಳನ್ನು ಅಟಾಲಿನ ಒಳಗಿನ 'ತಿಲ'ಗಳಲ್ಲಿ, ಅಂದರೆ ನೀರಿನ ಮಟ್ಟದಿಂದ ಕೆಲವು ಮೀಟರ್ ಕೆಳಗೆ ತಲೆಯೆತ್ತಿ ನಿಂತಿರುವ ಹವಳದ ಗುಡ್ಡಗಳಲ್ಲಿ, ಸೆಳೆತ ಸಣ್ಣದಿರುವ ಹೊತ್ತು ನೋಡಿ ಕಳೆಯಲು ಯಾರ ಅಡ್ಡಿಯೂ ಇರುವುದಿಲ್ಲ. ಈ ತಿಲಗಳೇನೂ ಕೀಳಲ್ಲ: ಉತ್ತರ ಆರಿ ಅಟಾಲಿನ ಮಾಯಾ ತಿಲದಲ್ಲಿ ರಾತ್ರಿ ಟಾರ್ಚ್ ಹಿಡಿದು ಇಳಿದವರಿಗೆ ಬಿಳಿತುದಿಯ ಶಾರ್ಕ್‌ಗಳು ಬೇಟೆಯಾಡುವುದು ಕಾಣುತ್ತದೆ, ಮತ್ತು ಅದೇ ಅಟಾಲಿನಲ್ಲಿ ಫಿಶ್ ಹೆಡ್ ಎಂದು ಹೆಸರಾದ ತಿಲವನ್ನು ಸರ್ಕಾರ 1995ರಲ್ಲೇ ಸಂರಕ್ಷಿತ ತಾಣವೆಂದು ಸಾರಿತ್ತು.

ಖಾಸಗಿ ದೋಣಿಯಿದ್ದರೂ ಸಲ್ಲದ ಕಡೆಗಳಿವೆ. 2011ರಲ್ಲಿ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿದ ಬಾ ಅಟಾಲಿನ ಹನಿಫಾರು ಕೊಲ್ಲಿಯಲ್ಲಿ ಮಾಂಟಾಗಳು ಗುಂಪುಗುಂಪಾಗಿ ಸೇರುತ್ತವೆ, ಆದರೆ ಅಲ್ಲಿ ಸ್ಕೂಬಾಗೆ ಅವಕಾಶವಿಲ್ಲ, ನೀರಿನ ಮೇಲೆ ಸ್ನಾರ್ಕೆಲ್ ಮಾಡುತ್ತ ನೋಡಬೇಕಷ್ಟೆ. ಆ ನಿರ್ಬಂಧ ಸರಿಯಾದುದೇ. ಮೀನಿನ ತುಣುಕು ಎಸೆದು ಶಾರ್ಕ್‌ಗಳನ್ನು ದಿನವೂ ಒಂದೇ ಕಡೆಗೆ ಕರೆಸುವ ತಾಣಗಳನ್ನು, ಯಾರು ಎಷ್ಟೇ ಹೊಗಳಲಿ, ರಸಜ್ಞರಾದ ಡೈವರ್‌ಗಳು ಬಿಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಕಾಣುವುದು ಪ್ರಾಣಿಯ ಸಹಜ ನಡವಳಿಕೆಯಲ್ಲ, ಅದಕ್ಕೆ ಹಿಡಿಸಿದ ಚಟ.

ದೋಣಿ ಗೊತ್ತುಮಾಡುವಾಗ ವಿಚಾರಿಸಬೇಕಾದವು ಕೆಲವಿವೆ. ತುರ್ತು ಬಳಕೆಯ ಆಮ್ಲಜನಕದ ಸಿಲಿಂಡರ್ ದೋಣಿಯಲ್ಲೇ ಇದೆಯೇ, ಅದು ತುಂಬಿದೆಯೇ; ವಿಎಚ್‌ಎಫ್ ರೇಡಿಯೋ ಕೆಲಸ ಮಾಡುತ್ತದೆಯೇ; ಚಾಲಕ ಡೈವರ್‌ಗಳು ಉಸಿರು ಬಿಟ್ಟ ಗುಳ್ಳೆಗಳನ್ನು ಅನುಸರಿಸಿ ಹೋಗುವುದರಲ್ಲಿ ಪಳಗಿದವನೇ; ಮೇಲೇರುವಾಗ ನೀರಿನ ಮೇಲೆ ತೇಲಿಬಿಡುವ ಉದ್ದನೆಯ ಕಿತ್ತಳೆ ಬಣ್ಣದ ಗುರುತು ಚೀಲ ಪ್ರತಿಯೊಬ್ಬರ ಬಳಿಯೂ ಇದೆಯೇ ಎಂಬ ಈ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರ ಸಿಗದಿದ್ದರೆ ದೋಣಿ ಎಷ್ಟೇ ಚೆಂದವಿದ್ದರೂ ಬಿಡಬೇಕು. ಖರ್ಚಿನ ವಿಷಯದಲ್ಲಿ ಹೇಳುವುದಾದರೆ, ಜನವಸತಿಯ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ಅನುಮತಿ ದೊರೆತು ಒಂದು ದಶಕಕ್ಕೂ ಹೆಚ್ಚಾಗಿರುವುದರಿಂದ, ರೆಸಾರ್ಟ್‌ಗಳ ಹೊರಗೆ ಫುಲಿಧೂ, ರಸ್ಧೂ, ಧಿಗುರಾಗಳಂತಹ ದ್ವೀಪಗಳಲ್ಲಿ ಉಳಿದು ಆರು ಮಂದಿ ಹಂಚಿಕೊಂಡರೆ ಬಾಡಿಗೆ ದೋಣಿ ಎಟುಕದ ವಸ್ತುವಲ್ಲ.

ಹಣ ಕೊಟ್ಟು ಹಿಡಿದ ದೋಣಿಯೆಂಬ ಕಾರಣಕ್ಕೆ ಮಾರ್ಗದರ್ಶಕನ ಮೇಲೆ ಒತ್ತಡ ಹೇರುವ ಚಾಳಿ ಮಾತ್ರ ಈ ಪದ್ಧತಿಯ ದೊಡ್ಡ ಕೇಡು. ನೀರು ನೋಡಿ ಬಂದವನು ಬೇಡವೆಂದರೆ ಬೇಡ. ಆ ಮಾತು ಹೇಳುವ ಧೈರ್ಯ ಅವನಿಗೆ ಇರಬೇಕೆಂದೇ ಅವನಿಗೆ ಸಂಬಳ ಕೊಡಲಾಗಿದೆ. ಹಾಗೆಯೇ ಕೊನೆಯ ದಿನದ ಆಸೆಗೆ ಬಿದ್ದು ವಿಮಾನಕ್ಕೆ ಹತ್ತಿರವಾಗಿ ಮುಳುಗುವುದೂ ಸಲ್ಲದು. ದೇಹದಲ್ಲಿ ಕರಗಿ ಉಳಿದ ಸಾರಜನಕ ವಿಮಾನದ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಿ ನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯುವನ್ನೂ ತರಬಲ್ಲುದರಿಂದ, ಹಲವು ದಿನ ಮುಳುಗಿದವರು ಕೊನೆಯ ಮುಳುಗಿಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ, ಸಾಧ್ಯವಾದರೆ 24 ಗಂಟೆ ಬಿಡಬೇಕು.

ಇಷ್ಟೆಲ್ಲ ಹೊಂದಿಸಿಕೊಂಡವರು ರಜೆಯ ದಿನಾಂಕ ಗೊತ್ತುಮಾಡುವ ಮೊದಲು ಮನೆಯ ಪಂಚಾಂಗವನ್ನೂ ಒಮ್ಮೆ ತೆರೆಯಲಿ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವಿಳಿತಗಳ ಅಂತರ ದೊಡ್ಡದು, ಕಾಲುವೆಗಳ ಸೆಳೆತವೂ ಬಿರುಸು; ಅಷ್ಟಮಿ ಕಳೆದ ಒಂದೆರಡು ದಿನಗಳಲ್ಲಿ ಎರಡೂ ತಗ್ಗುತ್ತವೆ. ಗುಂಪಿನಲ್ಲಿ ಕಾಲುವೆಗೆ ಹೊಸಬರು ಒಬ್ಬರಿದ್ದರೂ ದೋಣಿಯನ್ನು ಅಷ್ಟಮಿಯ ವಾರಕ್ಕೇ ಹಿಡಿಯಬೇಕು.