ಐದು ಸೀಟಿನ ಕಾರು, ಒಂದೇ ಸೀಟಿನ ಸ್ಪ್ರಿಂಗು

ನಮ್ಮೂರು ಮಂಗಳೂರು ಅಂದ ತಕ್ಷಣ ಬೆಂಗಳೂರಿನವರು ಬಂಗುಡೆ ಮೀನಿನ ಮಾತು ತೆಗೀತಾರೆ. ನಾನು ಹೇಳೋ ಮಂಗಳೂರಿಗೆ ಸಮುದ್ರ ಇಲ್ಲ. ಅದು ಕೊಪ್ಪಳ ಜಿಲ್ಲೆಯದು. ಮೊದಲು ಯಲಬುರ್ಗಾ ತಾಲೂಕಿನಲ್ಲಿತ್ತು, ಈಗ ಕುಕನೂರು ತಾಲೂಕು. ಸುತ್ತ ಎರೆ ಹೊಲ, ಊಟಕ್ಕೆ ಸಜ್ಜಿ ರೊಟ್ಟಿ, ಗಾಡಿ ಮೇಲೆ ಕೆಎ 37. ಪ್ರತಿ ಸಲ ಇದನ್ನ ತಿದ್ದಿ ಹೇಳೋದು ಬೇಜಾರಾಗಿ ಎಷ್ಟೋ ಕಡೆ ಸುಮ್ಮನಿದ್ದುಬಿಡ್ತೀನಿ.

ಕಾರಿಗೆ ಲೋವರಿಂಗ್ ಸ್ಪ್ರಿಂಗ್ ಹಾಕಿಸೋಕೆ ಹೋದ ದಿನವೂ ಸುಮ್ಮನಿದ್ದೆ. ಅಂಗಡಿಯವನು ಕೇಳಿದ: "ಊರಿಗೆ ಹೋಗ್ತಿರ್ತೀರಾ ಸರ್? ಯಾವೂರು?" ಮಂಗಳೂರು ಅಂದೆ. "ಅಯ್ಯೋ ಬಿಡಿ, ಶಿರಾಡಿ ಘಾಟಿ ಈಗ ಕಾಂಕ್ರೀಟ್, ಬೆಣ್ಣೆ ಇದ್ದಂಗಿದೆ" ಅಂದ. ನನಗೂ ಆ ಉತ್ತರವೇ ಬೇಕಿತ್ತು ಅನ್ಸುತ್ತೆ.

ಮೊದಲೇ ಹೇಳ್ಬಿಡ್ತೀನಿ, ತಗ್ಗಿಸಿದ ಸೆಡಾನ್ ನೋಡೋಕೆ ಚೆನ್ನಾಗಿರುತ್ತೆ. ಕಂಪನಿಯಿಂದ ಬಂದಾಗ ಟೈರಿಗೂ ಫೆಂಡರಿಗೂ ನಡುವೆ ನಾಲ್ಕು ಬೆರಳು ತೂರೋಷ್ಟು ಗ್ಯಾಪ್ ಇರುತ್ತಲ್ಲ, ಅದು ಅಳತೆ ತಪ್ಪಿದ ಪ್ಯಾಂಟಿನ ಥರ ಕಣ್ಣಿಗೆ ಚುಚ್ತಾನೇ ಇರುತ್ತೆ. 35 ಮಿ.ಮೀ. ಇಳಿಸಿದ್ರೆ ಕಾರು ನೆಲಕ್ಕೆ ಹೊಂದ್ಕೊಂಡು ಕೂತ ಹಾಗೆ ಕಾಣುತ್ತೆ. ಮೊದಲ ವಾರ ನಾನು ಆಫೀಸಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ ಲಿಫ್ಟಿನ ತನಕ ಹಿಂದೆ ತಿರುಗಿ ನೋಡ್ತಾ ನೋಡ್ತಾನೇ ಹೋಗ್ತಿದ್ದೆ.

ಓಡ್ಸೋಕೂ ಮಜಾ ಇತ್ತು. ತಿರುವಿನಲ್ಲಿ ಬಾಡಿ ಕಡಿಮೆ ವಾಲುತ್ತೆ, ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತೆ. ಆದ್ರೆ ಇದರ ಪೂರ್ತಿ ಶ್ರೇಯಸ್ಸನ್ನ ಎತ್ತರ ಇಳಿದದ್ದಕ್ಕೆ ಕೊಡೋದು ತಪ್ಪು. ನಮ್ಮ ಬಹುತೇಕ ಸೆಡಾನುಗಳ ಮುಂದಿನ ಚಕ್ರಕ್ಕೆ ಇರೋದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದರಲ್ಲಿ ಕಾರು ಇಳಿಸಿದ್ರೆ ಕೆಳಗಿನ ಆರ್ಮ್‌ನ ಕೋನ ಬದಲಾಗಿ, ಕಾರಿನ ಭಾರದ ಕೇಂದ್ರ ಇಳಿದದ್ದಕ್ಕಿಂತ ಜಾಸ್ತಿ ರೋಲ್ ಸೆಂಟರ್ ಇಳಿದುಬಿಡುತ್ತೆ. ಅಂದ್ರೆ ಬಾಡಿಯನ್ನ ವಾಲಿಸೋ ಶಕ್ತಿಗೆ ಇನ್ನೂ ಉದ್ದದ ಸನ್ನೆಗೋಲು ಸಿಕ್ಕ ಹಾಗೆ. ಆದ್ರೂ ವಾಲೋದು ಯಾಕೆ ಕಡಿಮೆ ಆಯ್ತು? ಹೊಸ ಸ್ಪ್ರಿಂಗು ಹಳೇದಕ್ಕಿಂತ ಗಡುಸು, ಅದಕ್ಕೆ. ಇಳಿಸಿದ್ದು ಕಣ್ಣಿಗೆ, ಹಿಡಿತ ಬಂದದ್ದು ಬಿಗಿಯಿಂದ. ಎರಡನ್ನೂ ಒಂದೇ ಡಬ್ಬದಲ್ಲಿ ಹಾಕಿ ಮಾರ್ತಾರೆ, ನಾವು ಒಂದೇ ಅನ್ಕೋತೀವಿ. (ಇದ್ದ ಸ್ಪ್ರಿಂಗಿನ ಸುತ್ತನ್ನೇ ಗ್ರೈಂಡರಿನಲ್ಲಿ ಕತ್ತರಿಸೋ ಗ್ಯಾರೇಜುಗಳ ಬಗ್ಗೆ ಬರೆಯಲ್ಲ. ಎಂಟು ಸುತ್ತಲ್ಲಿ ಎರಡು ಕತ್ತರಿಸಿದ್ರೆ ಉಳಿದದ್ದು ಮೂರನೇ ಒಂದು ಭಾಗ ಹೆಚ್ಚು ಗಡುಸಾಗುತ್ತೆ, ಸರಿ. ಆದ್ರೆ ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗು ತನ್ನ ಜಾಗ ಬಿಟ್ಟು ಈಚೆ ಬರಬಹುದು. ಅದು ಮಾಡಿಫಿಕೇಶನ್ ಅಲ್ಲ, ಹುಚ್ಚಾಟ.)

ದೀಪಾವಳಿಗೆ ಊರಿಗೆ ಹೊರಟೆ. ಚಿತ್ರದುರ್ಗದ ತನಕ ಎನ್‌ಎಚ್ 48, ಅಲ್ಲಿಂದ ಹೊಸಪೇಟೆಗೆ ಎನ್‌ಎಚ್ 50, ಆಮೇಲೆ ಕೊಪ್ಪಳ ದಾಟಿ ಗದಗಿನ ದಾರಿ. ಕಾರಿನಲ್ಲಿ ನಾನೊಬ್ಬನೇ. ಅಷ್ಟು ದೂರ ಆ ಸ್ಪ್ರಿಂಗಿನ ಬಗ್ಗೆ ಒಂದು ದೂರೂ ಇರಲಿಲ್ಲ. ಭಾನಾಪುರದ ಹತ್ತಿರ, ಈಗ ಆಟಿಕೆ ತಯಾರಿಸೋ ಕ್ಲಸ್ಟರ್ ಆಗಿದೆಯಲ್ಲ, ಅಲ್ಲಿ ಹೆದ್ದಾರಿ ಬಿಟ್ಟು ಕುಕನೂರಿನ ಕಡೆ ತಿರುಗಿದ ಮೇಲೆ ಶುರುವಾಯ್ತು.

ಎರೆ ಮಣ್ಣಿನ ಮೇಲೆ ರಸ್ತೆ ಅಂದ್ರೆ ಏನು ಅಂತ ಆ ಸೀಮೆಯವರಿಗೆ ಗೊತ್ತು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ತೂರೋ ಹಾಗೆ ಬಿರುಕು ಬಿಡುತ್ತೆ. ಮೇಲಿನ ಡಾಂಬರು ಅದರ ಜೊತೆ ಏರಿ ಇಳಿದು ಅಲೆ ಅಲೆ ಆಗುತ್ತೆ. ಗುಂಡಿ ಕಾಣಲ್ಲ, ರಸ್ತೆ ಚೆನ್ನಾಗೇ ಇದೆ ಅನ್ಸುತ್ತೆ, ಅರವತ್ತರಲ್ಲಿ ಹೋದ್ರೆ ಮಾತ್ರ ಕಾರು ಅಲೆಯ ತಳಕ್ಕೆ ಇಳಿದಾಗ ದಡ್ ಅಂತ ಬಂಪ್ ಸ್ಟಾಪಿಗೆ ಹೊಡೆಯುತ್ತೆ. ಚಕ್ರ ಮೇಲೆ ಬರೋಕೆ ಇದ್ದ ಜಾಗದಲ್ಲಿ 35 ಮಿ.ಮೀ. ನಾನು ಮೊದಲೇ ಖರ್ಚು ಮಾಡಿದ್ದೆ. ಜೊತೆಗೆ ಶಾಕ್ ಅಬ್ಸಾರ್ಬರ್ ಹಳೇದೇ. ಹಳೇ ಸ್ಪ್ರಿಂಗಿನ ಕುಣಿತಕ್ಕೆ ಕಡಿವಾಣ ಹಾಕೋಕೆ ಮಾಡಿದ್ದು, ಹೊಸದರ ಜೋರು ಅದರ ಕೈಗೆ ಹತ್ತಲ್ಲ. ಒಂದು ಅಲೆಯ ಜಿಗಿತ ಮುಗಿಯೋ ಮೊದಲೇ ಇನ್ನೊಂದು.

ಊರು ಇನ್ನು ಸ್ವಲ್ಪ ದೂರ ಇದೆ ಅನ್ನುವಾಗ ರಸ್ತೆ ಮೇಲೆ ರಾಶಿ ಹರವಿದ್ದರು. ಓಡಾಡೋ ಗಾಡಿಗಳೇ ಒಕ್ಕಣೆ ಮಾಡಲಿ ಅಂತ ಬೆಳೆ ಹಾಸೋದು ನಮ್ಮ ಕಡೆ ಹಳೇ ರೂಢಿ. ಅಪಾಯ ಅಂತ ಎಲ್ಲರಿಗೂ ಗೊತ್ತು, ಕಣ ಇಲ್ಲದವರು ಏನು ಮಾಡ್ಬೇಕು ಅಂತಲೂ ಗೊತ್ತು. ಬೇರೆ ಕಾರುಗಳು ಅದರ ಮೇಲೇ ಹೋದವು. ನನ್ನದು ಹೋದಾಗ ಅಡಿಯಲ್ಲಿ ಸರಬರ ಅಂತ ಉಜ್ಜೋ ಸದ್ದು, ಆಮೇಲೆ ಹಿಂದಿನಿಂದ ಕೂಗು: "ಏ ನಿಂದ್ರಸ್ರೀ! ಬುಡಕ್ಕ ಸಿಕ್ಕೈತಿ!" ಇಳಿದು ನೋಡಿದ್ರೆ ಎಕ್ಸಾಸ್ಟ್ ಪೈಪಿನ ಸುತ್ತ ಒಣ ದಂಟು ಸಿಕ್ಕಿಹಾಕ್ಕೊಂಡಿದೆ. ದಿನವಿಡೀ ಓಡಿದ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತೆ. ಇದಕ್ಕೆ ಬೆಂಕಿ ಹತ್ತೋಕೆ ಬೇರೆ ಕಾರಣ ಬೇಡ. ಒಬ್ಬ ಹಿರಿಯರು ಮಲಗಿ, ಕೋಲಿನಿಂದ ಅದನ್ನ ಎಳೆದು ತೆಗೆದ್ರು. ಎದ್ದು ಅಂಗಿ ಜಾಡಿಸ್ಕೊಂಡು ಕಾರನ್ನ ಒಂದ್ಸಲ ನೋಡಿ, "ಸ್ಪ್ರಿಂಗ್ ಮುರಿದಾವೇನ್ರೀ?" ಅಂದ್ರು. ಪಾಪ, ಕಾಳಜಿಯಿಂದಲೇ ಕೇಳಿದ್ದು.

ಇದನ್ನೆಲ್ಲ ನಾನು ನುಂಗಿಕೊಂಡಿರ್ತಿದ್ದೆ. ಮರುದಿನ ಅಪ್ಪ, ಅವ್ವ, ದೊಡ್ಡವ್ವ, ತಂಗಿ ಎಲ್ಲರನ್ನೂ ಕೂರಿಸ್ಕೊಂಡು ಹೊರಟೆ. ಸಾಲಿ ಮುಂದಿನ ಹಂಪ್ ಹತ್ತಿಸಿದಾಗ ಕರ್ರ್ ಅಂತ ಹೊಟ್ಟೆ ಉಜ್ಜಿ ಕಾರು ನಿಂತಿತು. ಹಿಂದೆ ತಗೊಂಡು ಓರೆಯಾಗಿ ಹತ್ತಿಸಿದೆ, ಮತ್ತೆ ಕರ್ರ್. ಕೊನೆಗೆ ಬಾಯಿ ಬಿಟ್ಟು ಹೇಳಿದೆ, "ಒಂದೀಟು ಇಳೀರಿ."

ಇಳಿದ್ರು. ಅಪ್ಪನಿಗೆ ಮೊಣಕಾಲು ನೋವು. ತಗ್ಗಿದ ಸೀಟಿನಿಂದ ಏಳೋಕೆ ಬಾಗಿಲು ಹಿಡಿದು ಎರಡು ಸಲ ಜೀಕಬೇಕಾಯ್ತು. ನಾನೊಬ್ಬನೇ ಕೂತು ದಾಟಿಸಿದೆ, ಸಲೀಸಾಗಿ ದಾಟ್ತು. ಊರ ಜನ ನಿಂತು ನೋಡ್ತಿದ್ರು. ಮುಂದಿನ ಹಂಪಿಗೆ ಮತ್ತೆ ಇಳಿದ್ರು. ಮೂರನೇದಕ್ಕೆ ದೊಡ್ಡವ್ವ ಕೇಳಿದ್ಳು: "ತಮ್ಮಾ, ಈ ಗಾಡಿ ಕುಂದ್ರಾಕ ತಂದಿಯೋ, ನೋಡಾಕ ತಂದಿಯೋ?"

ಹಂಪ್ ಹಾಕಿದವರನ್ನ ಬೈದುಬಿಡಬಹುದಿತ್ತು. ಆದ್ರೆ ಸಾಲಿ ಮುಂದೆ ಲಾರಿಗಳು ನುಗ್ತಾವೆ ಅಂತ ಓಡಾಡಿ ಅದನ್ನ ಹಾಕಿಸಿದವರಲ್ಲಿ ನಮ್ಮಪ್ಪನೂ ಒಬ್ಬ.

ಬೆಂಗಳೂರಿಗೆ ವಾಪಸ್ ಬಂದವನು ಬೇಸ್‌ಮೆಂಟಿನಲ್ಲಿ ನಾಲ್ಕು ಜನ ಸಹೋದ್ಯೋಗಿಗಳನ್ನ ಕಾರೊಳಗೆ ಕೂರಿಸಿ, ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆ ಇಟ್ಟು, ಟೇಪ್ ಹಿಡಿದು ಅಡಿಗೆ ತೂರಿದೆ. ಕಂಪನಿ ಹೇಳಿದ ಗ್ರೌಂಡ್ ಕ್ಲಿಯರೆನ್ಸ್ 165. ಸ್ಪ್ರಿಂಗು ಬದಲಿಸಿದ ಮೇಲೆ ಖಾಲಿ ಕಾರಿಗೆ 130. ಜನ ಕೂತ ಮೇಲೆ 98.

ಈಗ ಹಂಪಿನ ಲೆಕ್ಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 99 ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಸೆಡಾನಿನ ವೀಲ್‌ಬೇಸ್ ಸುಮಾರು 2.6 ಮೀಟರ್. ಹಾಗಾಗಿ ನಾಲ್ಕೂ ಚಕ್ರ ಒಟ್ಟಿಗೇ ಕಮಾನಿನ ಮೇಲೆ ಇರುತ್ತೆ. ಚಕ್ರಗಳ ನಡುವೆ ಹಂಪ್ ಮೇಲೆ ಎದ್ದಿರೋದು ಬರೀ 50 ಮಿ.ಮೀ. ಅದನ್ನ ನನ್ನ ಕಾರೂ ದಾಟುತ್ತೆ. ನಮ್ಮೂರ ಹಂಪ್ ಅಂಥದ್ದಲ್ಲ. ಒಂದು ಮೊಳ ಅಗಲ, ನಾಲ್ಕೂವರೆ ಇಂಚು ಎತ್ತರ. ಕಾರಿನ ಹೊಟ್ಟೆಯಡಿ ಅಷ್ಟೂ ಎತ್ತರ ಹಾಗೇ ನಿಂತಿರುತ್ತೆ, ಅಂದ್ರೆ 114 ಮಿ.ಮೀ. ಹಳೇ ಸ್ಪ್ರಿಂಗಿನಲ್ಲಿ ಐದು ಜನ ಕೂತ್ರೂ ಸುಮಾರು 125 ಉಳೀತಿತ್ತು. ಕಂಪನಿಯ ಎಂಜಿನಿಯರ್ ಬಿಟ್ಟಿದ್ದ ಆ ಗ್ಯಾಪು ಅಂದಗೇಡಿ ಅಂತ ನಾನು ಅಂದ್ಕೊಂಡಿದ್ದೆ. ಅದು ಅಪ್ಪ, ಅವ್ವ, ದೊಡ್ಡವ್ವ, ತಂಗಿ ಕೂರೋ ಜಾಗ ಆಗಿತ್ತು.

ಆಮೇಲೆ ನನ್ನನ್ನ ಮರುಳು ಮಾಡಿದ್ದ ಫೋಟೋಗಳನ್ನ ಮತ್ತೆ ತೆಗೆದು ನೋಡಿದೆ. ಎಲ್ಲ ಪಕ್ಕದಿಂದ ತೆಗೆದದ್ದು, ಎಲ್ಲ ನಿಂತ ಕಾರು, ಎಲ್ಲ ಖಾಲಿ. ಹಿಂದಿನ ಸೀಟಿನಲ್ಲಿ ಒಬ್ಬ ಮನುಷ್ಯ ಇರೋ ಒಂದು ಫೋಟೋನೂ ಸಿಗಲಿಲ್ಲ. ಈ ಇಡೀ ಸೌಂದರ್ಯಶಾಸ್ತ್ರವೇ ಖಾಲಿ ಕಾರಿಂದು, ಅದನ್ನ ಹೊರಗೆ ನಿಂತು ನೋಡೋವ್ನದ್ದು. ಒಳಗೆ ಕೂರೋರು ಬಂದ್ರೆ ಚಿತ್ರ ಕೆಡುತ್ತೆ. ತಮಾಷೆ ಅಂದ್ರೆ ಸ್ಕೋಡಾ ಸ್ಲಾವಿಯಾ, ಫೋಕ್ಸ್‌ವ್ಯಾಗನ್ ವರ್ಟಸ್ ಥರದ ಕಾರುಗಳನ್ನ ನಮ್ಮ ರಸ್ತೆಗೆ ಅಂತಲೇ 179 ಮಿ.ಮೀ. ಎತ್ತರಿಸಿ ಮಾರ್ತಾರೆ. ಅವರು ಎತ್ತಿದ್ದಕ್ಕೂ ದುಡ್ಡು ಕೊಟ್ಟು, ಇಳಿಸೋದಕ್ಕೂ ನಾವೇ ದುಡ್ಡು ಕೊಡ್ತೀವಿ. ಐಬಾಕ್, ಎಚ್ ಅಂಡ್ ಆರ್ ಥರದ ಹೆಸರಾಂತ ಸ್ಪ್ರಿಂಗ್ ಕಂಪನಿಗಳ ತವರು ಜರ್ಮನಿ. ಅಲ್ಲಿ ಸ್ಪ್ರಿಂಗ್ ಬದಲಿಸಿದ್ರೆ ಅದಕ್ಕೆ ಅನುಮೋದನೆಯ ಕಾಗದ ಇರ್ಬೇಕು, ಎಷ್ಟೋ ಸಲ ಪರೀಕ್ಷಕರಿಗೆ ತೋರಿಸಿ ದಾಖಲೆಯಲ್ಲಿ ಬರೆಸ್ಬೇಕು. ನಾವು ಸ್ಪ್ರಿಂಗನ್ನ ತರಿಸ್ಕೊಂಡ್ವಿ, ಆ ಪರೀಕ್ಷೆಯನ್ನ ಅಲ್ಲೇ ಬಿಟ್ವಿ.

ನಮ್ಮಲ್ಲೂ ಕಾನೂನಿದೆ. ನೋಂದಣಿ ದಾಖಲೆಗೆ ಹೊಂದದ ಹಾಗೆ ವಾಹನ ಬದಲಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತೆ. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ ಅಕ್ರಮವಾದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲಿಗೂ ಅವಕಾಶ ಬಂತು. ಅಂಗಡಿಯವನು ಇದಕ್ಕೆ ಉತ್ತರ ಇಟ್ಕೊಂಡಿದ್ದ: "ಆರ್‌ಸಿಯಲ್ಲಿ ಗ್ರೌಂಡ್ ಕ್ಲಿಯರೆನ್ಸಿಗೆ ಕಾಲಮ್ಮೇ ಇಲ್ಲ ಸರ್." ನಿಜ, ಇಲ್ಲ. ಆದ್ರೆ ಇನ್ನೊಂದು ಕಾಲಮ್ ಇದೆ, ಸೀಟಿಂಗ್ ಕೆಪಾಸಿಟಿ. ನನ್ನ ಆರ್‌ಸಿಯಲ್ಲಿ ಅದು 5.

ಹಳೇ ಸ್ಪ್ರಿಂಗುಗಳು ಬಾಲ್ಕನಿಯಲ್ಲಿ ಪೇಪರಿನಲ್ಲಿ ಸುತ್ತಿಟ್ಟಿದ್ದವು. ಸಂಕ್ರಾಂತಿಗೆ ಮೊದಲು ಬೇರೆ ಗ್ಯಾರೇಜಿನಲ್ಲಿ ವಾಪಸ್ ಹಾಕಿಸಿದೆ. ಎರಡು ಸಲದ ಕೂಲಿ, ಎರಡು ಅಲೈನ್‌ಮೆಂಟು. ಒಳ ಅಂಚು ಸವೆದು ಹೋಗಿದ್ದ ಎರಡು ಟೈರು ಬೇರೆ. ಆ ಗ್ಯಾಪು ಮತ್ತೆ ಬಂದಿದೆ, ಈಗಲೂ ಕಣ್ಣಿಗೆ ಚುಚ್ಚುತ್ತೆ. ಸುಳ್ಳು ಯಾಕೆ ಹೇಳಲಿ, ಬೇಸ್‌ಮೆಂಟಿನಲ್ಲಿ ಈಗ ಹಿಂದೆ ತಿರುಗಿ ನೋಡೋದಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಮತ್ತೆ ಎಲ್ಲರೂ ಕೂತ್ರು. ಸಾಲಿ ಮುಂದಿನ ಹಂಪ್ ಕಂಡ ಕೂಡಲೇ ಅವ್ವ ಚೀಲ ಸರಿ ಮಾಡ್ಕೊಂಡು ಬಾಗಿಲಿನ ಹಿಡಿಕೆಗೆ ಕೈ ಹಾಕಿದ್ಳು. "ಬ್ಯಾಡಬೇ, ಕುಂದ್ರು" ಅಂದೆ. ದಾಟೋ ತನಕ ಕೈ ತೆಗೀಲಿಲ್ಲ.