ಮೂರು ಸಾವಿರ ಪೌಂಡಿನ ಕಾರು

ಓದಲೆಂದೋ ಆಸ್ಪತ್ರೆಯ ಕೆಲಸಕ್ಕೆಂದೋ ಕವೆಂಟ್ರಿ, ಲೆಸ್ಟರ್‌ನಂಥ ಇಂಗ್ಲೆಂಡಿನ ಊರುಗಳಿಗೆ ಬಂದಿಳಿದ ಕನ್ನಡಿಗರಿಗೆ ಮೊದಲ ಕೆಲವು ತಿಂಗಳು ಬಸ್ಸು, ರೈಲು ಸಾಕೆನಿಸುತ್ತದೆ. ರಾತ್ರಿ ಪಾಳಿ ಮುಗಿಸಿ ಹೊರಬಂದ ಭಾನುವಾರದ ಬೆಳಗ್ಗೆ ಬಸ್ಸೇ ಇಲ್ಲದಾಗ, ಮಗುವಿನ ನರ್ಸರಿಗೆ ಎರಡು ಬಸ್ ಬದಲಿಸಬೇಕಾದಾಗ ಕಾರಿನ ಮಾತು ಶುರುವಾಗುತ್ತದೆ. ಕೈಯಲ್ಲಿರುವುದು ಮೂರು ಸಾವಿರ ಪೌಂಡ್. ಜಾಹೀರಾತು ತೆರೆದರೆ ಆ ದುಡ್ಡಿಗೆ ಹಳೆಯ ಬಿಎಂಡಬ್ಲ್ಯು ಡೀಸೆಲ್ಲೂ ಸಿಗುತ್ತದೆ, ಟೊಯೊಟಾ ಯಾರಿಸ್ಸೂ ಸಿಗುತ್ತದೆ. ಊರಲ್ಲಿ ಕನಸಾಗಿದ್ದ ಹೆಸರು ಇಲ್ಲಿ ಕೈಗೆಟುಕಿದಾಗ ಮನಸ್ಸು ಅತ್ತ ವಾಲುವುದು ಸಹಜ. ಈ ಅಂಕಣದ ಮತ ಮಾತ್ರ ಯಾರಿಸ್‌ಗೆ. ದುಬಾರಿ ಕಾರು ಹಳತಾದಾಗ ಅದರ ಬೆಲೆ ಇಳಿಯುತ್ತದೆಯೇ ಹೊರತು ಬಿಡಿಭಾಗದ ಬೆಲೆ, ಮೆಕ್ಯಾನಿಕ್‌ನ ಗಂಟೆಯ ಕೂಲಿ ಇಳಿಯುವುದಿಲ್ಲ.

ಬ್ರಿಟನ್ನಿನಲ್ಲಿ ಹಳೆ ಕಾರು ಕೊಳ್ಳುವವರಿಗೆ ದೊಡ್ಡ ಅನುಕೂಲವೊಂದಿದೆ. ಕಾರಿನ ಜಾತಕವನ್ನು ಸರ್ಕಾರವೇ ಬಿಚ್ಚಿಟ್ಟಿದೆ. ಅದರ ಹೆಸರು ಎಂಒಟಿ, ಕಾರು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ಪರೀಕ್ಷೆ. ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಸಚಿವರಾಗಿದ್ದ 1960ರಲ್ಲಿ ಹತ್ತು ವರ್ಷ ದಾಟಿದ ವಾಹನಗಳಿಗೆಂದು ಶುರುವಾದ ಈ ಪರೀಕ್ಷೆ 1967ರಿಂದ ಮೂರು ವರ್ಷ ತುಂಬಿದ ಕಾರಿಗೆಲ್ಲ ಅನ್ವಯಿಸುತ್ತಿದೆ. ಅಲ್ಲಿಂದಾಚೆಗೆ ಪ್ರತಿ ವರ್ಷವೂ ಕಡ್ಡಾಯ. ಶುಲ್ಕ 54.85 ಪೌಂಡ್ ಮೀರುವಂತಿಲ್ಲ. 2005ರಿಂದೀಚಿನ ಫಲಿತಾಂಶಗಳನ್ನು ಸರ್ಕಾರಿ ತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ನಂಬರ್ ಪ್ಲೇಟ್ ಟೈಪ್ ಮಾಡಿದರೆ ಸಾಕು. ಕಾರು ನೋಡಲು ರೈಲು ಹತ್ತುವ ಮೊದಲು, ಮಾರುವವರಿಗೆ ಫೋನ್ ಮಾಡುವುದಕ್ಕೂ ಮೊದಲು, ಇದನ್ನು ಓದಬೇಕು.

ಓದುವುದು ಹೇಗೆ? ಮೊದಲು ಮೈಲಿಯ ಅಂಕಿಗಳನ್ನು ವರ್ಷವಾರು ಇಳಿಸಿಕೊಂಡು ಹೋಗಿ. ವರ್ಷಕ್ಕೆ ಏಳೆಂಟು ಸಾವಿರ ಮೈಲಿಯಂತೆ ಸಮನಾಗಿ ಏರಿದ್ದರೆ ನಿಶ್ಚಿಂತೆ. ನಡುವೆ ಒಂದು ವರ್ಷ ಅಂಕಿ ಹಿಂದಕ್ಕೆ ಬಂದಿದ್ದರೆ ಟೈಪಿಂಗ್ ತಪ್ಪೂ ಇರಬಹುದು, ಮೀಟರ್ ತಿರುಗಿಸಿದ್ದೂ ಇರಬಹುದು. ಹಿಂದುಮುಂದಿನ ಅಂಕಿಗಳು ಉತ್ತರ ಹೇಳುತ್ತವೆ. ಆಮೇಲೆ ದೋಷಗಳ ಪಟ್ಟಿ. 2018ರ ಮೇ ತಿಂಗಳಿಂದ ದೋಷಗಳನ್ನು ಅಪಾಯಕಾರಿ, ದೊಡ್ಡದು, ಸಣ್ಣದು ಎಂದು ಮೂರು ದರ್ಜೆಯಲ್ಲಿ ಬರೆಯುತ್ತಾರೆ. ಮೊದಲೆರಡು ಇದ್ದರೆ ಕಾರು ಫೇಲು. ಇವುಗಳ ಜೊತೆ 'ಅಡ್ವೈಸರಿ' ಎಂಬ ಕಿವಿಮಾತು ಬೇರೆ: ಈಗ ಪಾಸು, ಆದರೆ ಇದರ ಮೇಲೆ ಕಣ್ಣಿಡಿ. ಕಾರಿನ ಯಜಮಾನರ ಸ್ವಭಾವ ಗೊತ್ತಾಗುವುದು ಈ ಅಡ್ವೈಸರಿಗಳಲ್ಲೇ. ಎಡಗಡೆಯ ಮುಂದಿನ ಟೈರು ಸವೆದಿದೆ ಎಂದು ಒಂದು ವರ್ಷ ಬರೆದದ್ದು ಮರುವರ್ಷ ಕಾಣದಿದ್ದರೆ ಟೈರು ಹಾಕಿಸಿದ್ದಾರೆ. ಎರಡನೆಯ ವರ್ಷ ಅದೇ ಟೈರಿಗೆ ಕಾರು ಫೇಲಾಗಿ, ಅದೇ ಮಧ್ಯಾಹ್ನ ಪಾಸಾಗಿದ್ದರೆ, ಫೇಲಾಗುವವರೆಗೆ ದುಡ್ಡು ಬಿಚ್ಚದವರ ಕಾರು ಅದು. ಅಂಥವರು ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿದ್ದಾರೆಂದು ನಂಬುವುದು ಕಷ್ಟ.

ಪಟ್ಟಿಯಲ್ಲಿ ಹುಡುಕಲೇಬೇಕಾದ ಇನ್ನೊಂದು ಪದ 'ಕೊರೋಷನ್', ಅಂದರೆ ತುಕ್ಕು. ಕಾರವಾರ, ಮಂಗಳೂರಿನ ಕಡಲಗಾಳಿ ಕಂಡವರಿಗೆ ಇದು ಹೊಸದಲ್ಲ. ಬೆಂಗಳೂರು, ಮೈಸೂರಿನಿಂದ ಬಂದವರಿಗೆ ಕಾರಿನ ತಳ ಬಗ್ಗಿ ನೋಡುವ ಅಭ್ಯಾಸ ಕಡಿಮೆ. ಬ್ರಿಟನ್ನಿನ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲೆಂದು ಲಾರಿಗಳು ಕಲ್ಲುಪ್ಪು ಎರಚುತ್ತ ಹೋಗುತ್ತವೆ. ಚೆಶೈರ್‌ನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕೆಂದೇ ನೆಲದಡಿಯಿಂದ ಉಪ್ಪು ತೆಗೆಯುತ್ತಾರೆ. ಆ ಉಪ್ಪುನೀರು ಬಾಗಿಲ ಕೆಳಗಿನ ಸಿಲ್, ಹಿಂದಿನ ಆಕ್ಸಲ್, ಬ್ರೇಕ್ ಪೈಪುಗಳಿಗೆ ಸಿಡಿದು ಹತ್ತಾರು ಚಳಿಗಾಲ ಅಲ್ಲೇ ಕೆಲಸ ಮಾಡುತ್ತದೆ. ಮೇಲೆ ಬಣ್ಣ ಕನ್ನಡಿಯಂತಿದ್ದು ಕೆಳಗೆ ಸಿಲ್ ಟೊಳ್ಳಾಗಿರುವ ಕಾರುಗಳುಂಟು. ಬೆರಳ ಗೆಣ್ಣಿನಿಂದ ಸಿಲ್ ಉದ್ದಕ್ಕೂ ತಟ್ಟುತ್ತ ಹೋಗಿ, ಗಟ್ಟಿ ಲೋಹದ ಸದ್ದು ನಿಂತು ಮಂದವಾದ ಕಡೆ ಮೊಣಕಾಲೂರಿ ಟಾರ್ಚ್ ಹಾಕಿ ನೋಡಬೇಕು. ಮೇಲ್ಮೈಯ ಕಂದು ಪುಡಿಗೆ ಹೆದರಬೇಕಿಲ್ಲ. ಪದರ ಪದರವಾಗಿ ಎದ್ದ ತುಕ್ಕು, ಹೊಸದಾಗಿ ದಪ್ಪಕ್ಕೆ ಬಳಿದ ಕಪ್ಪು ಬಣ್ಣ ಕಂಡರೆ ಮುಂದಿನ ಕಾರಿಗೆ ಹೋಗುವುದೇ ಲೇಸು.

ಟೈರು ನೋಡಲು ಜೇಬಿನಲ್ಲೊಂದು 20 ಪೆನ್ಸ್ ನಾಣ್ಯ ಸಾಕು. ಟೈರಿನ ಮುಖ್ಯ ಗೀರಿನೊಳಗೆ ಅದನ್ನು ನಿಲ್ಲಿಸಿದಾಗ ನಾಣ್ಯದ ಅಂಚಿನ ಪಟ್ಟಿ ಕಾಣಿಸಿದರೆ ಆಳ ಕಾನೂನಿನ ಮಿತಿಯಾದ 1.6 ಮಿಲಿಮೀಟರ್‌ಗಿಂತ ಕೆಳಗಿಳಿದಿರುವ ಸಾಧ್ಯತೆ ಇದೆ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ತಲುಪಿದ ತಕ್ಷಣ ಬಾನೆಟ್ ಮೇಲೆ ಕೈಯಿಡಿ. ಬಿಸಿಯಿದ್ದರೆ ಯಾಕೆ ಎಂದು ಕೇಳಿ.

ಇನ್ನು ಡೀಸೆಲ್. ಮೈಲೇಜ್ ಎಂದ ಕೂಡಲೇ ಡೀಸೆಲ್ ಎನ್ನುವ ರೂಢಿಯನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕು. ಈ ವಯಸ್ಸಿನ ಬಹುಪಾಲು ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಹೆದ್ದಾರಿಯಲ್ಲಿ ಬಿಸಿಯಾಗಿ ಓಡಿದಾಗ ಮಸಿ ಉರಿದುಹೋಗುತ್ತದೆ. ಮನೆ, ಆಸ್ಪತ್ರೆ, ಅಂಗಡಿಯ ಮೂರು ಮೈಲಿಯ ಓಡಾಟದಲ್ಲಿ ಅದು ಕಟ್ಟಿಕೊಳ್ಳುತ್ತದೆ. ಕಿತ್ತೆಸೆದರೆ? 2014ರ ಫೆಬ್ರವರಿಯಿಂದ ಅದಕ್ಕೂ ಎಂಒಟಿ ಫೇಲು. ಲಂಡನ್ನಿನಲ್ಲಿರುವವರಿಗೆ ಯುಲೆಝ್ ಎಂಬ ಹೊಗೆ ವಲಯದ ಲೆಕ್ಕವೂ ಇದೆ. 2023ರ ಆಗಸ್ಟ್ 29ರಿಂದ ಅದು ನಗರದ ಎಲ್ಲ ಬರೋಗಳಿಗೂ ಹಬ್ಬಿದೆ. ಸಾಮಾನ್ಯವಾಗಿ 2006ರ ನಂತರದ ಪೆಟ್ರೋಲ್ ಕಾರಿಗೆ ತೊಂದರೆಯಿಲ್ಲ. ಡೀಸೆಲ್ಲಾದರೆ 2015ರ ಸೆಪ್ಟೆಂಬರ್ ನಂತರದ್ದಾಗಬೇಕು, ಇಲ್ಲದಿದ್ದರೆ ದಿನಕ್ಕೆ 12.50 ಪೌಂಡ್.

ಹಾಗಾದರೆ ಯಾವ ಕಾರು? ಟೊಯೊಟಾ ಐಗೋ, ಪೆಜೋ 107, ಸಿಟ್ರನ್ ಸಿ1 ಮೂರೂ 2005ರಿಂದ ಚೆಕ್ ದೇಶದ ಕೊಲೀನ್‌ನ ಒಂದೇ ಕಾರ್ಖಾನೆಯಿಂದ ಬಂದ ಅಣ್ಣತಮ್ಮಂದಿರು. ಒಳಗೆ ಟೊಯೊಟಾದ ಅದೇ ಒಂದು ಲೀಟರ್ ಪೆಟ್ರೋಲ್ ಎಂಜಿನ್, ಬೆಲ್ಟಿನ ಬದಲು ಟೈಮಿಂಗ್ ಚೈನ್. ಹಾಗಾಗಿ ಐಗೋ ಹೆಸರಿಗೆ ಹೆಚ್ಚು ಕೇಳುವವರಿದ್ದರೆ 107 ನೋಡಿ. ಬ್ರಿಟನ್ನಿನ ಬೀದಿಬೀದಿಯಲ್ಲಿ ಕಾಣುವ ಫೋರ್ಡ್ ಫಿಯೆಸ್ಟಾ ಓಡಿಸಲು ಖುಷಿಯಾದ ಕಾರು; ಆದರೆ 2012ರ ನಂತರ ಬಂದ ಒಂದು ಲೀಟರ್ ಇಕೋಬೂಸ್ಟ್‌ನ ಬೆಲ್ಟು ಆಯಿಲ್‌ನಲ್ಲೇ ಮುಳುಗಿ ಓಡುವಂಥದ್ದು. ಹೊತ್ತಿಗೆ ಸರಿಯಾದ ಆಯಿಲ್ ಬೀಳದಿದ್ದರೆ ಬೆಲ್ಟಿನ ಚೂರುಗಳು ಆಯಿಲ್ ಹೋಗುವ ದಾರಿ ಕಟ್ಟಿ ಎಂಜಿನ್ನೇ ಕೂರುತ್ತದೆ. ಸರ್ವಿಸ್ ಬಿಲ್ಲುಗಳಿಲ್ಲದ ಇಕೋಬೂಸ್ಟ್ ಎಷ್ಟೇ ಅಗ್ಗವಾದರೂ ಬೇಡ. ಅದೇ ಫಿಯೆಸ್ಟಾದ ಹಳೆಯ 1.25 ಎಂಜಿನ್ ಆಗಬಹುದು.

ಭಾರತದಿಂದ ಬಂದ ಕಾರುಗಳೂ ಈ ಸಂತೆಯಲ್ಲಿವೆ. 2009ರಿಂದ ಇಲ್ಲಿ ಮಾರಾಟವಾದ ಸುಝುಕಿ ಆಲ್ಟೊ, ಊರಲ್ಲಿ ಎ-ಸ್ಟಾರ್ ಎಂದು ಓಡಾಡಿದ ಮಾನೇಸರದ ಮಾರುತಿ. ನಿಸ್ಸಾನ್ ಪಿಕ್ಸೊ ಕೂಡ ಅದೇ. ಮೊದಲ ತಲೆಮಾರಿನ ಹ್ಯುಂಡೈ ಐ10 ಶ್ರೀಪೆರಂಬುದೂರಿನಿಂದ ಹಡಗು ಹತ್ತಿ ಬಂದದ್ದು. ಬೆಂಗಳೂರಿನ ರೇವಾ ಅಂತೂ ಜಿ-ವಿಝ್ ಎಂಬ ಹೆಸರಲ್ಲಿ ಲಂಡನ್ನಿನ ಬೀದಿಗಳಲ್ಲಿ ಕರೆಂಟಿನ ಮೇಲೆ ಓಡಿತ್ತು, ಟೆಸ್ಲಾ ಇಲ್ಲಿಗೆ ಕಾಲಿಡುವ ಮೊದಲೇ. ಕನ್ನಡಿಗರು ಇದನ್ನು ಹೆಮ್ಮೆಯಿಂದ ನೆನೆಯಬೇಕು. ಇಂದಿನ ಬಳಕೆಗೆ ಮಾತ್ರ ಐ10 ಒಳ್ಳೆಯ ಆಯ್ಕೆ.

ಕಾರಿಗಿಂತ ವಿಮೆಯೇ ದುಬಾರಿಯಾಗುವುದುಂಟು. ಕಾರುಗಳನ್ನು 1ರಿಂದ 50ರವರೆಗಿನ ವಿಮಾ ಗುಂಪುಗಳಲ್ಲಿ ಇಟ್ಟಿದ್ದಾರೆ; ಸಂಖ್ಯೆ ಸಣ್ಣದಾದಷ್ಟೂ ಕಂತು ಹಗುರ. ಭಾರತದ ಲೈಸೆನ್ಸಿನಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು, ಆದರೆ ಅದನ್ನು ಬ್ರಿಟಿಷ್ ಲೈಸೆನ್ಸಿಗೆ ನೇರವಾಗಿ ಬದಲಿಸಿಕೊಡುವುದಿಲ್ಲ. ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಪಾಸು ಮಾಡಬೇಕು. ಬೇಗ ಪಾಸಾದಷ್ಟೂ ವಿಮೆಯ ಹೊರೆ ಇಳಿಯುವ ಸಾಧ್ಯತೆ ಹೆಚ್ಚು. ಆಟೊಮ್ಯಾಟಿಕ್‌ನಲ್ಲಿ ಪಾಸಾದವರು ಗೇರಿನ ಕಾರು ಓಡಿಸುವಂತಿಲ್ಲ. ಅಂಥವರು ಹೋಂಡಾ ಜಾಜ್ ನೋಡುವುದಾದರೆ 2009ರ ಹೊತ್ತಿನ ಐ-ಶಿಫ್ಟ್ ಗೇರ್‌ಬಾಕ್ಸ್ ಬಿಟ್ಟು, 2011ರಲ್ಲಿ ಮರಳಿ ಬಂದ ಸಿವಿಟಿ ಹುಡುಕಲಿ.

ಎಲ್ಲಿ ಕೊಳ್ಳಬೇಕೆಂಬುದೂ ಮುಖ್ಯ. ವ್ಯಾಪಾರಿಯ ಬಳಿ ಕೊಂಡ ಕಾರು ದೋಷಪೂರಿತವಾಗಿದ್ದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ 30 ದಿನದೊಳಗೆ ಹಿಂತಿರುಗಿಸಿ ದುಡ್ಡು ಕೇಳಬಹುದು. ಖಾಸಗಿಯವರಲ್ಲಿ ಬೆಲೆ ಕಡಿಮೆ, ರಕ್ಷಣೆಯೂ ಕಡಿಮೆ. ಅಲ್ಲಿ ಸಾಲ ಬಾಕಿ, ಅಪಘಾತದ ಇತಿಹಾಸ ತೋರಿಸುವ ಖಾಸಗಿ ತಪಾಸಣೆಗೆ ಒಂದಿಷ್ಟು ಪೌಂಡ್ ಕೊಡುವುದು ಜಾಣತನ. ವರದಿಯಲ್ಲಿ 'ಕೆಟಗರಿ ಎಸ್' ಎಂದಿದ್ದರೆ ಕಾರಿನ ಚೌಕಟ್ಟಿಗೇ ಪೆಟ್ಟು ಬಿದ್ದಿತ್ತೆಂದು ಅರ್ಥ. ವ್ಯವಹಾರ ಕುದುರಿದ ಮೇಲೆ ವಿ5ಸಿ ಎಂಬ ನೋಂದಣಿ ದಾಖಲೆಯಿಂದ ಹಸಿರು ಚೀಟಿ ಹರಿದುಕೊಳ್ಳಬೇಕು. 2014ರ ಅಕ್ಟೋಬರ್‌ನಿಂದ ಹಿಂದಿನವರು ಕಟ್ಟಿದ ರಸ್ತೆ ತೆರಿಗೆ ಕಾರಿನ ಜೊತೆ ಬರುವುದಿಲ್ಲ. ಆ ಚೀಟಿಯ 12 ಅಂಕಿಗಳನ್ನು ಬಳಸಿ ಮಾರಿದವರ ಮನೆ ಮುಂದೆಯೇ ಫೋನಿನಲ್ಲಿ ತೆರಿಗೆ ಕಟ್ಟಿ, ವಿಮೆ ಆ ಗಳಿಗೆಯಿಂದ ಶುರುವಾಗಿದೆಯೇ ನೋಡಿಕೊಂಡು ಹೊರಡಬೇಕು. ವಿಮೆಯಿಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿಗೆ ಆರು ಪಾಯಿಂಟ್. ಇಲ್ಲಿ ಮೊದಲ ಬಾರಿ ಲೈಸೆನ್ಸ್ ಪಡೆದವರಿಗೆ ಎರಡು ವರ್ಷದೊಳಗೆ ಆರು ಪಾಯಿಂಟ್ ಬಿದ್ದರೆ ಆ ಲೈಸೆನ್ಸೇ ರದ್ದಾಗಿ, ಎರಡೂ ಪರೀಕ್ಷೆಗಳನ್ನು ಮತ್ತೆ ಪಾಸು ಮಾಡಬೇಕಾಗುತ್ತದೆ.