ಹೆಮ್ಮೆ ಎಲ್ಲಿಯವರೆಗೆ?

ಕಮಲಾಪುರದ ರೈತರಿಗೆ ತಮ್ಮೂರ ಕೆಂಪು ಬಾಳೆಯೆಂದರೆ ಹೆಮ್ಮೆ. ತಡವಾಗಿ ಫಸಲು ಕೊಡುವ ಈ ತಳಿ ಉಳಿದು, ಭೌಗೋಳಿಕ ಸೂಚಕದ ಮಾನ್ಯತೆ ಪಡೆಯುವುದಕ್ಕೆ ಆ ಹೆಮ್ಮೆಯೂ ಒಂದು ಕಾರಣ. ಕಲಬುರಗಿಯ ಬರಹಗಾರರಾದ ನಮಗೂ ಇಂಥದೊಂದು ಹೆಮ್ಮೆಯಿದೆ. ಕ್ರಿ.ಶ. 850ರ ಸುಮಾರಿನ 'ಕವಿರಾಜಮಾರ್ಗ' ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದ್ದು. ಹಿಂದುಳಿದವರೆಂದು ಕರೆಸಿಕೊಂಡಾಗಲೆಲ್ಲ ಆ ಹೆಸರು ನಮ್ಮನ್ನು ತಲೆಯೆತ್ತಿ ನಿಲ್ಲಿಸಿದೆ.

ಆದರೆ ಆ ಕೃತಿಯನ್ನು ತೆರೆದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ವಿಶೇಷವಾಗಿ ಓದದವರೂ ಕಾವ್ಯ ಕಟ್ಟಬಲ್ಲರೆಂದು ಶ್ರೀವಿಜಯ ಕನ್ನಡಿಗರನ್ನು ಹೊಗಳುತ್ತಾನೆ; ಅದೇ ಮೊದಲ ಪರಿಚ್ಛೇದದಲ್ಲಿ ಕಾವ್ಯದ ದೋಷಗಳನ್ನೂ ತೋರಿಸುತ್ತಾನೆ. ಇತರರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದೇ ನಿಜವಾದ ಚಿನ್ನವೆನ್ನುತ್ತಾನೆ.

ನಾವೋ, ಮುಶಾಯಿರಾದವರು ಕವಿಗೋಷ್ಠಿಯತ್ತ ಸುಳಿಯುವುದಿಲ್ಲ, ಕವಿಗೋಷ್ಠಿಯವರು ಮುಶಾಯಿರಾದತ್ತ ತಿರುಗುವುದಿಲ್ಲ. ಎರಡೂ ಭಾಷೆಗಳಲ್ಲಿ ಕಲಿತ ನಾವೇ, ಕಥೆಯ ತಪ್ಪು ತೋರಿಸಿದ ಗೆಳೆಯರೊಬ್ಬರೊಡನೆ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದುಂಟು. ಆ ಕಥೆ ಇಂದಿಗೂ ಕುಂಟುತ್ತಿದೆ.

ಉರ್ದುವಿನಲ್ಲಿ ಖುದ್ದಾರಿ ಬೇರೆ, ತಕಬ್ಬುರ್ ಬೇರೆ. ಒಂದು ಸ್ವಾಭಿಮಾನ, ಇನ್ನೊಂದು ಅಹಂಕಾರ. ತನ್ನ ದೋಷವನ್ನು ತಾನೇ ಎಣಿಸಿಕೊಳ್ಳಬಲ್ಲ ಹೆಮ್ಮೆ ಬರಹವನ್ನೂ ಬದುಕನ್ನೂ ಬೆಳೆಸುತ್ತದೆ. ಅದು ಬಾರದ ಹೆಮ್ಮೆ ಎರಡನ್ನೂ ಕೆಡಿಸುತ್ತದೆ.